ಮನೆ ಸಾಲದ ವರ್ಗಾವಣೆ: ಕಂತಿನ ಲೆಕ್ಕ ಬೇರೆ, ಒಟ್ಟು ಲೆಕ್ಕ ಬೇರೆ

ಸಂಪಾದಕರಿಗೆ,

ಮಾನ್ಯರೇ,

ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿದರವನ್ನು, ನಾಲ್ಕು ಸಲ ಇಳಿಸಿ ಶೇ 6.50ರಿಂದ ಶೇ 5.25ಕ್ಕೆ ತಂದಿತು. ಬೆಂಗಳೂರಿನಲ್ಲಿ ಮನೆ ಸಾಲ ಉಳಿಸಿಕೊಂಡಿರುವವರಿಗೆಲ್ಲ ಈಗ ಫೋನಿನ ಮೇಲೆ ಫೋನು. ‘ನಿಮ್ಮ ಸಾಲವನ್ನು ನಮ್ಮಲ್ಲಿಗೆ ವರ್ಗಾಯಿಸಿ, ತಿಂಗಳ ಕಂತು ಇಷ್ಟು ಸಾವಿರ ಇಳಿಯುತ್ತದೆ’ ಎಂಬುದು ಆ ಕರೆಗಳ ಸಾರ. ಬ್ಯಾಂಕೊಂದರ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾಗಿರುವ ನನ್ನ ಬಳಿಗೆ ನೆರೆಹೊರೆಯವರು ಆಗಾಗ ಇಂಥ ಪ್ರಸ್ತಾವದ ಕಾಗದಗಳನ್ನು ತಂದು, ಇದರಿಂದ ನಿಜವಾಗಿ ಲಾಭವಿದೆಯೇ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ತಮ್ಮ ಪತ್ರಿಕೆಯ ಓದುಗರಿಗೂ ಹೇಳಬಯಸುತ್ತೇನೆ. ಮೊದಲು ಈಗ ಸಾಲವಿರುವ ಬ್ಯಾಂಕಿಗೇ ಹೋಗಿ, ದರ ಇಳಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಬೇಕು. ಅವರ ಉತ್ತರ ಕೈಗೆ ಬಂದ ಮೇಲೆಯೇ ಹೊಸ ಬ್ಯಾಂಕಿನ ಪ್ರಸ್ತಾವವನ್ನು ಅದರ ಪಕ್ಕದಲ್ಲಿಟ್ಟು ತೂಗಬೇಕು.

ರೆಪೊ ದರ ಎಲ್ಲರಿಗೂ ಒಂದೇ ಆಗಿರುವಾಗ ಒಬ್ಬರ ಸಾಲ ಶೇ 8.75ರಲ್ಲೂ ಪಕ್ಕದ ಮನೆಯವರ ಸಾಲ ಶೇ 7.75ರಲ್ಲೂ ಇರುವುದು ಹೇಗೆ ಎಂಬ ಪ್ರಶ್ನೆ ಸಹಜ. ಸಾಲ ಯಾವ ಕಾಲದ್ದು, ಯಾರು ಕೊಟ್ಟದ್ದು ಎಂಬುದರಲ್ಲಿ ಇದಕ್ಕೆ ಉತ್ತರವಿದೆ. 2010ರ ಜುಲೈನಿಂದ ಬ್ಯಾಂಕುಗಳ ಸಾಲಗಳು ಮೂಲ ದರಕ್ಕೆ, ಅಂದರೆ ಬೇಸ್ ರೇಟ್‌ಗೆ, ಜೋಡಣೆಯಾಗಿದ್ದವು. 2016ರ ಏಪ್ರಿಲ್‌ನಿಂದ ಎಂಸಿಎಲ್‌ಆರ್, ಅಂದರೆ ಬ್ಯಾಂಕು ತಾನು ಹಣ ಹೊಂದಿಸುವ ವೆಚ್ಚದ ಮೇಲೆ ನಿಗದಿ ಮಾಡುವ ದರ, ಬಂತು. 2019ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ, ಬದಲಾಗುವ ಬಡ್ಡಿದರದ ಗೃಹಸಾಲಗಳನ್ನೆಲ್ಲ ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕು ಮತ್ತು ಮೂರು ತಿಂಗಳಿಗೊಮ್ಮೆಯಾದರೂ ದರವನ್ನು ಪರಿಷ್ಕರಿಸಬೇಕು ಎಂದು ರಿಸರ್ವ್ ಬ್ಯಾಂಕ್ ವಿಧಿಸಿತು. ರೆಪೊಗೆ ಜೋಡಣೆಯಾದ ಸಾಲದಲ್ಲಿ ಇಳಿಕೆ ಬೇಗ ಕಾಣಿಸಿಕೊಳ್ಳುತ್ತದೆ. ಎಂಸಿಎಲ್‌ಆರ್ ಸಾಲದಲ್ಲಿ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಬರುವ ಪರಿಷ್ಕರಣೆಯ ದಿನಕ್ಕಾಗಿ ಕಾಯಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗಂತೂ ಈ ಹೊರಗಿನ ಮಾನದಂಡದ ನಿಯಮವೇ ಅನ್ವಯಿಸುವುದಿಲ್ಲ. ತಮ್ಮದೇ ಪ್ರೈಮ್ ಲೆಂಡಿಂಗ್ ದರವನ್ನು ಯಾವಾಗ, ಎಷ್ಟು ಇಳಿಸಬೇಕೆಂಬುದನ್ನು ಅವೇ ತೀರ್ಮಾನಿಸುತ್ತವೆ.

ಇದರ ಜೊತೆಗೆ ಸ್ಪ್ರೆಡ್ ಎಂಬುದೊಂದಿದೆ. ರೆಪೊ ದರದ ಮೇಲೆ ಬ್ಯಾಂಕು ಸೇರಿಸಿಕೊಳ್ಳುವ ಈ ಹೆಚ್ಚುವರಿ ಅಂಶವು ಸಾಲ ಮಂಜೂರಾದ ದಿನದ ಕರಾರಿನಲ್ಲಿ ಬರೆದಂತೆ ಉಳಿದುಬಿಡುತ್ತದೆ. ನಾಲ್ಕು ವರ್ಷಗಳ ಹಿಂದೆ ಶೇ 3ರ ಸ್ಪ್ರೆಡ್‌ಗೆ ಸಹಿ ಹಾಕಿದವರು, ಅದೇ ಶಾಖೆಯಲ್ಲಿ ಇಂದು ಹೊಸಬರಿಗೆ ಶೇ 2.25ರ ಸ್ಪ್ರೆಡ್ ಸಿಗುತ್ತಿದ್ದರೂ, ತಾವಾಗಿ ಕೇಳದ ಹೊರತು ಹಳೆಯದನ್ನೇ ಕಟ್ಟುತ್ತಿರುತ್ತಾರೆ. ಹೊಸ ಗಿರಾಕಿಗೆ ಬೆಲ್ಲ, ಹಳೆಯ ಗಿರಾಕಿಗೆ ಬೇವು ಎಂಬ ಈ ಪದ್ಧತಿಯಲ್ಲಿ ಕಾನೂನುಬಾಹಿರವಾದುದು ಏನೂ ಇಲ್ಲ. ನ್ಯಾಯವೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮೂರು ವರ್ಷಗಳಿಗೊಮ್ಮೆ ಮಾತ್ರ ಬದಲಿಸಬಹುದಾಗಿದ್ದ ಸ್ಪ್ರೆಡ್‌ನ ಕೆಲವು ಅಂಶಗಳನ್ನು ಸಾಲಗಾರನ ಅನುಕೂಲಕ್ಕಾಗಿ ಅದಕ್ಕೂ ಮೊದಲೇ ಇಳಿಸಲು ರಿಸರ್ವ್ ಬ್ಯಾಂಕ್ 2025ರಲ್ಲಿ ಅವಕಾಶ ಕೊಟ್ಟಿರುವುದರಿಂದ, ‘ನಿಯಮ ಬಿಡುವುದಿಲ್ಲ’ ಎಂಬ ಶಾಖೆಯ ಹಳೆಯ ಉತ್ತರ ಈಗ ನಿಲ್ಲುವುದಿಲ್ಲ.

ಲೆಕ್ಕಕ್ಕೆ ಬರೋಣ. 40 ಲಕ್ಷ ರೂಪಾಯಿ ಅಸಲು ಬಾಕಿಯಿದ್ದು, ಇನ್ನೂ 15 ವರ್ಷಗಳ ಅವಧಿ ಉಳಿದಿದೆ ಎಂದುಕೊಳ್ಳೋಣ. ಶೇ 8.75ರ ದರದಲ್ಲಿ ತಿಂಗಳ ಕಂತು ಸುಮಾರು 39,980 ರೂಪಾಯಿ, ಶೇ 7.75ರಲ್ಲಿ ಸುಮಾರು 37,650. ತಿಂಗಳಿಗೆ 2,330 ರೂಪಾಯಿಯಂತೆ 15 ವರ್ಷಗಳಲ್ಲಿ 4.19 ಲಕ್ಷ ಉಳಿಯುತ್ತದೆ. ವರ್ಗಾವಣೆಗೆ ಎಲ್ಲ ಸೇರಿ 40,000 ರೂಪಾಯಿ ಖರ್ಚಾಯಿತೆಂದರೆ ಅದು ಹದಿನೇಳೆಂಟು ತಿಂಗಳಲ್ಲಿ ಮರಳಿ ಬರುತ್ತದೆ. ಇಷ್ಟನ್ನು ನೋಡಿದರೆ ಯಾರಾದರೂ ವರ್ಗಾಯಿಸಿಯೇ ಬಿಡುತ್ತಾರೆ.

ಈಗ ಅದೇ ವ್ಯಕ್ತಿ ತನ್ನ ಹಳೆಯ ಬ್ಯಾಂಕಿಗೆ ಹೋಗಿ ಕೇಳಿದಾಗ, ಅವರು ಆರು ಸಾವಿರ ರೂಪಾಯಿಗಳ ಪರಿವರ್ತನಾ ಶುಲ್ಕ ಪಡೆದು ದರವನ್ನು ಶೇ 8ಕ್ಕೆ ಇಳಿಸಲು ಒಪ್ಪಿದರೆನ್ನೋಣ. ಆಗ ಕಂತು ಸುಮಾರು 38,230 ಆಗುತ್ತದೆ. ಮನೆಯ ಪತ್ರಗಳು ಇದ್ದ ಜಾಗದಿಂದ ಕದಲದೆಯೇ ತಿಂಗಳಿಗೆ 1,750 ರೂಪಾಯಿ, ಅಂದರೆ ವರ್ಗಾವಣೆಯಿಂದ ಸಿಗಬಹುದಾದ ಉಳಿತಾಯದ ಮುಕ್ಕಾಲು ಪಾಲು, ಸಿಕ್ಕಿಬಿಡುತ್ತದೆ. ಉಳಿದ ಕಾಲು ಪಾಲಿಗಾಗಿ, ಎಂದರೆ ತಿಂಗಳಿಗೆ 575 ರೂಪಾಯಿಗಾಗಿ, ಹೆಚ್ಚುವರಿಯಾಗಿ 34,000 ರೂಪಾಯಿ ಖರ್ಚು ಮಾಡಬೇಕು. ಅದು ಮರಳಿ ಬರಲು ಐದು ವರ್ಷ ಹಿಡಿಯುತ್ತದೆ. ಐದು ವರ್ಷಗಳಲ್ಲಿ ಈ ನಗರದ ಎಷ್ಟು ಕುಟುಂಬಗಳು ಫ್ಲ್ಯಾಟ್ ಮಾರಿ ನಿವೇಶನ ಕೊಳ್ಳುತ್ತವೆ, ಪಿಎಫ್ ಹಣ ಬಂತೆಂದು ಸಾಲವನ್ನೇ ತೀರಿಸುತ್ತವೆ! ಆದ್ದರಿಂದ ಹೊಸ ಬ್ಯಾಂಕಿನ ದರವನ್ನು ಈಗ ಕಟ್ಟುತ್ತಿರುವ ದರದೊಂದಿಗೆ ಹೋಲಿಸದೆ, ಹಳೆಯ ಬ್ಯಾಂಕು ಇಳಿಸಿಕೊಡಲು ಒಪ್ಪುವ ದರದೊಂದಿಗೆ ಹೋಲಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹೊಸ ಬ್ಯಾಂಕಿನ ಮಂಜೂರಾತಿ ಪತ್ರವನ್ನು ಮುಂದಿಟ್ಟು, ಸಾಲ ತೀರುವಳಿಯ ಮೊತ್ತ ತಿಳಿಸಿ ಎಂದು ಅರ್ಜಿ ಕೊಟ್ಟ ಮೇಲಷ್ಟೇ ಕೆಲವು ಶಾಖೆಗಳಿಗೆ ದರ ಇಳಿಸುವ ಅಧಿಕಾರ ತಮಗಿದೆಯೆಂಬುದು ನೆನಪಾಗುತ್ತದೆ ಎಂಬುದನ್ನೂ ಒಳಗಿದ್ದು ನೋಡಿದವನಾಗಿ ಹೇಳಬಲ್ಲೆ.

ಹಳೆಯ ಬ್ಯಾಂಕು ಒಪ್ಪದಿದ್ದರೆ, ಅಥವಾ ಕಾಟಾಚಾರಕ್ಕೆ ಕಾಲು ಶೇಕಡದಷ್ಟು ಇಳಿಸಿ ಕೈತೊಳೆದುಕೊಂಡರೆ, ವರ್ಗಾವಣೆಗೆ ಹಿಂಜರಿಯಬೇಕಾಗಿಲ್ಲ. ಬದಲಾಗುವ ದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಆದೇಶಿಸಿದೆ. ವರ್ಗಾವಣೆಯ ಕೋರಿಕೆ ಬಂದ 21 ದಿನಗಳೊಳಗೆ ಒಪ್ಪಿಗೆಯನ್ನೋ ಆಕ್ಷೇಪವನ್ನೋ ತಿಳಿಸಬೇಕು ಎಂಬ ನಿಯಮವೂ ಇದೆ. ಸ್ಥಿರ ಬಡ್ಡಿದರದ ಸಾಲಗಳ ವಿಷಯ ಬೇರೆ. ಅವುಗಳ ಕರಾರಿನಲ್ಲಿ ಅವಧಿಪೂರ್ವ ತೀರುವಳಿಗೆ ಶುಲ್ಕವಿದೆಯೇ ಎಂಬುದನ್ನು ಓದಿ ನೋಡದೆ ಹೆಜ್ಜೆಯಿಡಬಾರದು.

ಇನ್ನು, ಅತಿ ಹೆಚ್ಚು ಜನ ಎಡವುವುದು ಅವಧಿಯ ವಿಷಯದಲ್ಲಿ. ನಮ್ಮ ಬಡಾವಣೆಯ ಶಿಕ್ಷಕಿಯೊಬ್ಬರು ತಂದಿದ್ದ ಪ್ರಸ್ತಾವದಲ್ಲಿ ತಿಂಗಳ ಕಂತು ಏಳು ಸಾವಿರಕ್ಕೂ ಹೆಚ್ಚು ಇಳಿಯುತ್ತದೆ ಎಂದು ದಪ್ಪ ಅಕ್ಷರದಲ್ಲಿತ್ತು. ದರ ಒಂದು ಶೇಕಡ ಇಳಿದರೆ ಅಷ್ಟು ಇಳಿಯುವುದು ಹೇಗೆಂದು ನೋಡಿದರೆ, ಉಳಿದಿದ್ದ 15 ವರ್ಷಗಳನ್ನು ಸದ್ದಿಲ್ಲದೆ 20 ವರ್ಷ ಮಾಡಲಾಗಿತ್ತು. ಮೇಲಿನ 40 ಲಕ್ಷದ ಸಾಲಕ್ಕೇ ಇದನ್ನು ಅನ್ವಯಿಸಿ ನೋಡಿ. ಶೇ 7.75ರಲ್ಲಿ 20 ವರ್ಷಕ್ಕೆ ಕಂತು ಸುಮಾರು 32,840 ರೂಪಾಯಿ. ಹಳೆಯದಕ್ಕಿಂತ 7,140 ಕಡಿಮೆ. ಆದರೆ ಕೊನೆಯವರೆಗೆ ಕಟ್ಟುವ ಒಟ್ಟು ಮೊತ್ತ 78.8 ಲಕ್ಷ. ಹಳೆಯ, ದುಬಾರಿ ಎನಿಸಿದ ಸಾಲದಲ್ಲೇ ಮುಂದುವರಿದಿದ್ದರೆ ಕಟ್ಟಬೇಕಾಗಿದ್ದುದು 71.96 ಲಕ್ಷ. ದರ ಇಳಿಯಿತು, ಕಂತೂ ಇಳಿಯಿತು, ಕಟ್ಟುವ ಹಣ ಮಾತ್ರ 6.85 ಲಕ್ಷ ಹೆಚ್ಚಾಯಿತು. ಸಂಬಳ ಕಡಿಮೆಯಾಗಿ ಮನೆ ನಡೆಸುವುದೇ ಕಷ್ಟವಾದವರಿಗೆ ಅವಧಿ ಹೆಚ್ಚಿಸಿಕೊಳ್ಳುವುದು ಅನಿವಾರ್ಯವಾಗಬಹುದು, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಅದನ್ನು ಉಳಿತಾಯವೆಂದು ಕರೆದು ಮಾರುವುದನ್ನು ಆಕ್ಷೇಪಿಸುತ್ತೇನೆ.

ಇದಕ್ಕೆ ವಿರುದ್ಧವಾದ ದಾರಿ ಬಹಳ ಫಲ ಕೊಡುತ್ತದೆ. ದರ ಇಳಿದ ಮೇಲೂ ಹಳೆಯ ಕಂತಾದ 39,980 ರೂಪಾಯಿಯನ್ನೇ ಕಟ್ಟುತ್ತ ಹೋದರೆ ಸಾಲವು 180 ತಿಂಗಳ ಬದಲು ಸುಮಾರು 161 ತಿಂಗಳಲ್ಲಿ ತೀರುತ್ತದೆ. ಒಂದೂವರೆ ವರ್ಷ ಮೊದಲೇ ಮನೆ ಋಣಮುಕ್ತವಾಗಿ, ಒಟ್ಟು ಉಳಿತಾಯ 7.4 ಲಕ್ಷದಷ್ಟಾಗುತ್ತದೆ. ಈಗಾಗಲೇ ಆ ಕಂತಿಗೆ ಹೊಂದಿಕೊಂಡಿರುವ ಕುಟುಂಬಕ್ಕೆ ಇದರಿಂದ ಹೊಸ ಭಾರವೇನೂ ಬೀಳುವುದಿಲ್ಲ. ದರ ಬದಲಾದಾಗ ಕಂತನ್ನು ಬದಲಿಸಬೇಕೋ ಅವಧಿಯನ್ನೋ ಎಂಬ ಆಯ್ಕೆ ಸಾಲಗಾರನದಾಗಿರಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿದ್ದರೂ, ಆ ಆಯ್ಕೆ ತಮಗಿದೆಯೆಂದು ತಿಳಿದವರು ನನಗೆ ಹೆಚ್ಚು ಸಿಕ್ಕಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ ಶೇ 6.50ಕ್ಕೆ ಏರಿದಾಗ ಅನೇಕರ ಕಂತು ಹಾಗೇ ಉಳಿದು ಅವಧಿ ಮಾತ್ರ ಹಿಗ್ಗಿತ್ತು. ಅಂಥವರು ವರ್ಗಾವಣೆಯ ಮಾತು ಎತ್ತುವ ಮೊದಲು ತಮ್ಮ ಸಾಲದ ಖಾತೆಯಲ್ಲಿ ಈಗ ನಿಜವಾಗಿ ಎಷ್ಟು ತಿಂಗಳು ಉಳಿದಿದೆ ಎಂಬುದನ್ನು ನೋಡಿಕೊಳ್ಳಬೇಕು.

ಸಾಲ ಮುಗಿಯುವ ಹಂತಕ್ಕೆ ಬಂದವರಿಗೆ ಈ ಓಡಾಟವೇ ಬೇಡ. 8 ಲಕ್ಷ ಬಾಕಿ, ನಾಲ್ಕು ವರ್ಷ ಉಳಿದಿದೆ ಎಂದರೆ, ಅದೇ ಒಂದು ಶೇಕಡ ಇಳಿಕೆಯಿಂದ ನಾಲ್ಕು ವರ್ಷಗಳಲ್ಲಿ ಉಳಿಯುವುದು ಒಟ್ಟು 18,000 ರೂಪಾಯಿ. ವರ್ಗಾವಣೆಯ ಖರ್ಚು ಅದನ್ನು ನುಂಗಿಹಾಕುತ್ತದೆ. ಕಂತಿನ ದೊಡ್ಡ ಪಾಲು ಆಗ ಅಸಲಿಗೇ ಹೋಗುತ್ತಿರುವುದರಿಂದ ಬಡ್ಡಿಯಲ್ಲಿ ಉಳಿಸುವುದಕ್ಕೆ ಹೆಚ್ಚೇನೂ ಬಾಕಿಯಿರುವುದಿಲ್ಲ.

ಆ ಖರ್ಚುಗಳಾದರೂ ಯಾವುವು? ಪ್ರೊಸೆಸಿಂಗ್ ಶುಲ್ಕ ಮನ್ನಾ ಎಂದು ಜಾಹೀರಾತು ಹೇಳಬಹುದು. ಆದರೆ ವಕೀಲರ ಕಾನೂನು ಅಭಿಪ್ರಾಯ, ಎಂಜಿನಿಯರರ ಮೌಲ್ಯಮಾಪನ, ಇವುಗಳ ಮೇಲಿನ ಜಿಎಸ್‌ಟಿ, ಋಣಭಾರ ಪ್ರಮಾಣಪತ್ರ, ಹಕ್ಕುಪತ್ರಗಳ ಠೇವಣಿಯ ಒಡಂಬಡಿಕೆಗೆ ಸರ್ಕಾರಕ್ಕೆ ಕಟ್ಟುವ ಮುದ್ರಾಂಕ ಶುಲ್ಕ, ಅದನ್ನು ನೋಂದಾಯಿಸಿದರೆ ನೋಂದಣಿ ಶುಲ್ಕ ಇವೆಲ್ಲ ಉಳಿದೇ ಇರುತ್ತವೆ. ಮುದ್ರಾಂಕ ಶುಲ್ಕವನ್ನು ಸಾಲದ ಮೊತ್ತದ ಮೇಲೆ ಲೆಕ್ಕ ಹಾಕುವುದರಿಂದ ದೊಡ್ಡ ಸಾಲಕ್ಕೆ ಅದು ಸಣ್ಣ ಸಂಗತಿಯಲ್ಲ. ಹಿಂದೊಮ್ಮೆ ಕಟ್ಟಿದ್ದೇವಲ್ಲ ಎಂಬ ವಾದ ನಡೆಯುವುದಿಲ್ಲ, ಹೊಸ ಬ್ಯಾಂಕಿಗೆ ಹೊಸ ಒಡಂಬಡಿಕೆ ಬೇಕು. ಹಳೆಯ ಬ್ಯಾಂಕಿನ ಹೆಸರು ಋಣಭಾರ ಪ್ರಮಾಣಪತ್ರದಲ್ಲಿ ದಾಖಲಾಗಿದ್ದರೆ, ಅದರ ಬಿಡುಗಡೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾಖಲಿಸಿಕೊಳ್ಳುವುದನ್ನೂ ಮರೆಯಬಾರದು. ಸಾಲ ತೀರಿ ವರ್ಷಗಳಾದ ಮೇಲೆ ಮನೆ ಮಾರಲು ಹೊರಟಾಗ ಹಳೆಯ ಋಣ ಎದ್ದು ಕುಳಿತರೆ ಓಡಾಟ ಇಮ್ಮಡಿಯಾಗುತ್ತದೆ.

ಬೆಂಗಳೂರಿನವರು ಇದಕ್ಕಿಂತಲೂ ಹೆಚ್ಚು ಯೋಚಿಸಬೇಕಾದದ್ದು ಮನೆಯ ದಾಖಲೆಗಳ ಬಗ್ಗೆ. ಸಾಲದ ವರ್ಗಾವಣೆ ಎಂಬುದು ಹೊಸ ಬ್ಯಾಂಕಿನ ಕಣ್ಣಿಗೆ ಹೊಸ ಸಾಲವೇ. ಕ್ರಯಪತ್ರದಿಂದ ಹಿಡಿದು ಆಸ್ತಿಯ ಹಿಂದಿನ ಮಾಲೀಕತ್ವ ತೋರಿಸುವ ಮಾತೃಪತ್ರ, ಖಾತೆ, ತೆರಿಗೆ ರಸೀದಿ, ಮಂಜೂರಾದ ನಕ್ಷೆಯವರೆಗೆ ಎಲ್ಲವನ್ನೂ ಅದು ಮೊದಲಿನಿಂದ ಪರಿಶೀಲಿಸುತ್ತದೆ. ಹತ್ತು ವರ್ಷಗಳ ಹಿಂದೆ ಬಿ ಖಾತೆಯ, ಅಂದರೆ ಅನುಮೋದನೆಗಳಲ್ಲಿ ಕೊರತೆಯಿರುವ, ಫ್ಲ್ಯಾಟಿಗೂ ಸಾಲ ಕೊಟ್ಟ ಫೈನಾನ್ಸ್ ಕಂಪನಿಯಿಂದ ಹೊರಬರಲು ಹೋದವರಿಗೆ ಬ್ಯಾಂಕುಗಳು ಎಲ್ಲವೂ ಕ್ರಮಬದ್ಧವಾಗಿರುವ ಆಸ್ತಿಗೆ ಸಿಗುವ ಎ ಖಾತೆ ಕೇಳುತ್ತವೆ. ಈಗ ಅದರ ಡಿಜಿಟಲ್ ರೂಪವಾದ ಇ-ಖಾತೆಯನ್ನೂ ಕೇಳುತ್ತವೆ. ನೆಲಮಹಡಿಯ ಮೇಲೆ ಎರಡು ಅಂತಸ್ತಿಗೆ ನಕ್ಷೆ ಮಂಜೂರಾಗಿದ್ದು, ಬಾಡಿಗೆಯ ಆಸೆಗೆ ಮೂರನೆಯದನ್ನೂ ಕಟ್ಟಿದ ಮನೆಗಳು ವಿಜಯನಗರದಿಂದ ಬಿಟಿಎಂ ಬಡಾವಣೆಯವರೆಗೆ ಎಷ್ಟಿಲ್ಲ? ಮೌಲ್ಯಮಾಪನಕ್ಕೆ ಬಂದವರು ಅದನ್ನು ವರದಿಯಲ್ಲಿ ಬರೆದರೆ ಮಂಜೂರಾತಿ ಅಲ್ಲಿಗೇ ನಿಲ್ಲಬಹುದು. ಕಟ್ಟಡದ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ಸ್ವಾಧೀನಾನುಭವ ಪತ್ರವನ್ನು (ಓಸಿ) ಪರಿಶೀಲಿಸಿದ ಮೇಲೆಯೇ ಅದರ ಭದ್ರತೆಯ ಮೇಲೆ ಸಾಲ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳಿಗೆ ನಿರ್ದೇಶಿಸಿರುವುದರಿಂದ, ಓಸಿ ಇಲ್ಲದ ಅಪಾರ್ಟ್‌ಮೆಂಟಿನವರ ದಾರಿ ಇನ್ನಷ್ಟು ಕಿರಿದಾಗಿದೆ. ಕಾನೂನು ಮತ್ತು ತಾಂತ್ರಿಕ ಪರಿಶೀಲನೆಗೆಂದು ಕಟ್ಟಿದ ಹಣ ಅರ್ಜಿ ತಿರಸ್ಕೃತವಾದರೂ ಸಾಮಾನ್ಯವಾಗಿ ವಾಪಸಾಗುವುದಿಲ್ಲ. ಆದುದರಿಂದ ದಾಖಲೆಗಳಲ್ಲಿ ಕೊರತೆಯಿದೆಯೆಂದು ತಿಳಿದಿರುವವರು ಶುಲ್ಕ ಕಟ್ಟುವ ಮೊದಲೇ ಹೊಸ ಬ್ಯಾಂಕಿನವರಿಗೆ ಅದನ್ನು ಬಾಯಿಬಿಟ್ಟು ಹೇಳುವುದು ಲೇಸು.

ಕರೆ ಮಾಡುವವರು ಸಾಮಾನ್ಯವಾಗಿ ಎರಡು ವಸ್ತುಗಳನ್ನು ಜೊತೆಗಿಟ್ಟು ಮಾರುತ್ತಾರೆ. ಒಂದು ಟಾಪ್‌ಅಪ್ ಸಾಲ, ಅಂದರೆ ಮನೆ ಸಾಲದ ಮೇಲೆ ಕೊಡುವ ಹೆಚ್ಚುವರಿ ಸಾಲ. ಮಗಳ ಮದುವೆಗೋ ಕಾರಿಗೋ ತೆಗೆದುಕೊಂಡ ಆ ಹಣವನ್ನು ಮನೆಯ ಮೇಲಿನ ಸಾಲವಾಗಿ ಹದಿನೈದು ವರ್ಷ ತೀರಿಸುವುದಾದರೆ ವರ್ಗಾವಣೆಯ ಲಾಭ ಎಲ್ಲಿ ಉಳಿಯಿತು? ಇನ್ನೊಂದು, ಒಂದೇ ಕಂತಿನ ಪ್ರೀಮಿಯಂ ಕಟ್ಟಿಸಿಕೊಂಡು ಅದನ್ನು ಸಾಲದ ಮೊತ್ತಕ್ಕೇ ಸೇರಿಸುವ ವಿಮೆ. ಹಳೆಯ ಸಾಲದ ಜೊತೆ ತೆಗೆದುಕೊಂಡ ವಿಮೆ ಮುಂದುವರಿಯುತ್ತದೆಯೇ, ಅದನ್ನು ನಡುವೆ ಕೈಬಿಟ್ಟರೆ ಎಷ್ಟು ಮರಳುತ್ತದೆ ಎಂಬುದನ್ನು ಕೇಳಿ ತಿಳಿಯದೆ ಹೊಸದಕ್ಕೆ ಸಹಿ ಹಾಕಬಾರದು. 2024ರ ಅಕ್ಟೋಬರ್‌ನಿಂದ ಹೊಸ ಗೃಹಸಾಲಗಳಿಗೆಲ್ಲ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ವಿವರಪತ್ರ ಕೊಡುವುದು ಕಡ್ಡಾಯವಾಗಿದೆ. ಶುಲ್ಕಗಳನ್ನೂ ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿರುತ್ತದೆ. ಜಾಹೀರಾತಿನ ದರಕ್ಕಿಂತ ಆ ಅಂಕಿಯನ್ನು ನೋಡುವುದು ಮೇಲು.

ಆದಾಯ ತೆರಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದ ಮಿತಿಯಿದ್ದು, 40 ಲಕ್ಷದ ಸಾಲಕ್ಕೆ ಮೊದಲ ವರ್ಷಗಳಲ್ಲಿ ಕಟ್ಟುವ ಬಡ್ಡಿ ಯಾವ ದರದಲ್ಲೂ ಆ ಮಿತಿಯನ್ನು ದಾಟುವುದರಿಂದ, ಬಡ್ಡಿ ಇಳಿದರೆ ವಿನಾಯಿತಿ ಕಡಿಮೆಯಾದೀತೆಂಬ ಭಯ ಅವರಿಗೆ ಬೇಡ. ಹಳೆಯ ಗೃಹಸಾಲ ತೀರಿಸಲು ತೆಗೆದ ಹೊಸ ಸಾಲದ ಬಡ್ಡಿಗೂ ಅದೇ ವಿನಾಯಿತಿ ಇದೆ.

ವರ್ಗಾವಣೆ ಮುಗಿದ ಮೇಲೆ ಮೂಲ ದಾಖಲೆಗಳು ಹಳೆಯ ಬ್ಯಾಂಕಿನಿಂದ ಹೊರಟವೇ, ಹೊಸ ಬ್ಯಾಂಕನ್ನು ತಲುಪಿದವೇ ಎಂಬುದನ್ನು ಪಟ್ಟಿ ಹಿಡಿದು ಖಚಿತಪಡಿಸಿಕೊಳ್ಳಬೇಕು. ಸಾಲ ಪೂರ್ಣ ತೀರಿದ 30 ದಿನಗಳೊಳಗೆ ದಾಖಲೆಗಳನ್ನು ಬಿಡುಗಡೆ ಮಾಡಬೇಕು, ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ತೀರುವಳಿಯ ದಿನಾಂಕವಿರುವ ಪತ್ರವನ್ನು ಕೈಯಲ್ಲಿಟ್ಟುಕೊಂಡವರಿಗೆ ಮಾತ್ರ ಈ ನಿಯಮದ ಪ್ರಯೋಜನ.

ಕೊನೆಯದಾಗಿ, ಈ ಪತ್ರದ ಮೂಲಕ ಬ್ಯಾಂಕುಗಳ ಮುಂದೆ ಒಂದು ಬೇಡಿಕೆಯನ್ನೂ ಪತ್ರಿಕೆಯ ಮುಂದೆ ಒಂದು ಕೋರಿಕೆಯನ್ನೂ ಇಡುತ್ತಿದ್ದೇನೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಸಾಲಗಾರರಿಗೆ ಕಳಿಸುವ ಬಡ್ಡಿ ಪ್ರಮಾಣಪತ್ರದಲ್ಲಿ, ಆ ಗ್ರಾಹಕನ ಈಗಿನ ಸ್ಪ್ರೆಡ್ ಎಷ್ಟು, ಅಂಥದೇ ಆದಾಯ ಮತ್ತು ಸಾಲದ ಹಿನ್ನೆಲೆಯುಳ್ಳ ಹೊಸ ಗ್ರಾಹಕನಿಗೆ ಅದೇ ಬ್ಯಾಂಕು ಇಂದು ಕೊಡುತ್ತಿರುವ ಸ್ಪ್ರೆಡ್ ಎಷ್ಟು ಎಂಬ ಎರಡು ಅಂಕಿಗಳನ್ನು ಬ್ಯಾಂಕುಗಳು ಅಕ್ಕಪಕ್ಕ ಮುದ್ರಿಸಲಿ, ದರ ಬದಲಾವಣೆಗೆ ತಗಲುವ ಶುಲ್ಕವನ್ನೂ ಅಲ್ಲೇ ತಿಳಿಸಲಿ. ತಾವು ವಾಣಿಜ್ಯ ಪುಟದಲ್ಲಿ ಬ್ಯಾಂಕುಗಳ ಗೃಹಸಾಲ ದರದ ಪಟ್ಟಿ ಪ್ರಕಟಿಸುವಾಗ, ‘ಇಷ್ಟರಿಂದ ಆರಂಭ’ ಎಂಬ ಅತಿ ಕಡಿಮೆ ದರದ ಜೊತೆಗೆ ಆ ದರ ಎಷ್ಟು ಕ್ರೆಡಿಟ್ ಸ್ಕೋರ್ ಇದ್ದವರಿಗೆ ಸಿಗುತ್ತದೆ, ಪ್ರೊಸೆಸಿಂಗ್ ಶುಲ್ಕ ಎಷ್ಟು ಎಂಬ ಎರಡು ಅಂಕಣಗಳನ್ನು ಸೇರಿಸಿದರೆ ಓದುಗರಿಗೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ,
ರಾಜಾಜಿನಗರ, ಬೆಂಗಳೂರು